ಡ್ರಮ್ ಪ್ಯಾಡ್ ಕೊಳ್ಳುವ ಮುನ್ನ: ನಿಮ್ಮ ಬೆರಳಿಗೆ ಒಗ್ಗುವುದನ್ನು ಆರಿಸುವುದು ಹೇಗೆ?

"ಕಂಪ್ಯೂಟರಿನಲ್ಲಿ ಮ್ಯೂಸಿಕ್ ಮಾಡೋಕೆ ಶುರು ಮಾಡಿದೀನಿ, ಯಾವ ಡ್ರಮ್ ಪ್ಯಾಡ್ ತಗೊಳ್ಳಲಿ?" ಓದುಗರು ನನ್ನನ್ನು ಇಷ್ಟು ಸಲ ಕೇಳಿದ ಪ್ರಶ್ನೆ ಇನ್ನೊಂದಿಲ್ಲ. ಕೇಳುವವರಲ್ಲಿ ಮೂರು ತರದವರಿದ್ದಾರೆ. ಯಾರೋ ಎರಡೇ ಕೈಯಲ್ಲಿ ಪಟಪಟ ಬೀಟ್ ನುಡಿಸುವ ರೀಲ್ ನೋಡಿ ಆಸೆಪಟ್ಟವರು. ಆರ್ಕೆಸ್ಟ್ರಾದಲ್ಲಿ ರಿದಮ್ ಪ್ಯಾಡ್ ನುಡಿಸುತ್ತಾ, ಈಗ ಮನೆಯಲ್ಲೇ ಟ್ರ್ಯಾಕ್ ಮಾಡಬೇಕು ಅಂತಿರುವವರು. ಮೌಸಿನಲ್ಲಿ ಒಂದೊಂದೇ ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್ಮಿನ ಸದ್ದು), ಒಂದೊಂದೇ ಸ್ನೇರ್ (ಚುರುಕು ದನಿಯ ಸಣ್ಣ ಡ್ರಮ್) ಇಟ್ಟು ಸಾಕಾಗಿ ಹೋದವರು. ಮೂವರಿಗೂ ಒಂದೇ ಮಾಡೆಲ್ ಹೇಳಿದರೆ ಇಬ್ಬರಿಗಂತೂ ಮೋಸ ಮಾಡಿದ ಹಾಗೆ. ಅದಕ್ಕೇ ಈ ಸಲ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಮಾಡೆಲ್ ಹೆಸರುಗಳು ಆರನೇ ಹಂತದಲ್ಲಿವೆ. ನೇರ ಅಲ್ಲಿಗೇ ಹಾರಬೇಡಿ.

ಶುರು ಮಾಡುವ ಮೊದಲು: ಪ್ಯಾಡಿಗೆ ಸ್ವಂತ ದನಿ ಇಲ್ಲ

ಡ್ರಮ್ ಪ್ಯಾಡ್ ಕಂಟ್ರೋಲರ್ ಅಂದರೆ ರಬ್ಬರ್ ಗುಂಡಿಗಳಿರುವ ಒಂದು ಹಲಗೆ. ಸಾಮಾನ್ಯವಾಗಿ ಅದರಲ್ಲಿ ಸ್ಪೀಕರ್ ಇರುವುದಿಲ್ಲ, ಹೆಡ್‌ಫೋನ್ ಸಿಕ್ಕಿಸುವ ತೂತೂ ಇರುವುದಿಲ್ಲ. ನೀವು ಒಂದು ಪ್ಯಾಡ್ ತಟ್ಟಿದರೆ ಅದು ಕಂಪ್ಯೂಟರಿಗೆ ಮುಖ್ಯವಾಗಿ ಎರಡು ಅಂಕಿ ಕಳಿಸುತ್ತದೆ. ತಟ್ಟಿದ್ದು ಯಾವ ಪ್ಯಾಡ್, ತಟ್ಟಿದ್ದು ಎಷ್ಟು ಜೋರು. ಆ ಅಂಕಿ ನೋಡಿ ಕಿಕ್ ಬಾರಿಸಬೇಕೋ ತಮಟೆ ಬಾರಿಸಬೇಕೋ ಅಂತ ತೀರ್ಮಾನಿಸುವುದು ಕಂಪ್ಯೂಟರಿನ ಸಾಫ್ಟ್‌ವೇರ್. ಈ ಅಂಕಿಗಳ ಭಾಷೆಗೆ ಮಿಡಿ ಎಂದು ಹೆಸರು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯಲಿ ಅಂತ 1983ರಲ್ಲಿ ಬಂದ ಒಪ್ಪಂದ ಅದು. ಇವತ್ತಿಗೂ ನಡೆಯುತ್ತಿದೆ. ಮಿಡಿಯಲ್ಲಿ ಅಂಕಿಗಳು 0ಯಿಂದ 127ರವರೆಗೆ. ಈ 127 ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾಗಿ ಪೆಟ್ಟಿಗೆ ಬಿಚ್ಚಿ, ಕೇಬಲ್ ಸಿಕ್ಕಿಸಿ, "ಸೌಂಡೇ ಬರ್ತಿಲ್ಲ, ಕೆಟ್ಟಿರೋ ಪೀಸ್ ಕಳಿಸಿದ್ದಾರೆ" ಅಂತ ವಾಪಸ್ ಕಳಿಸಲು ಹೋಗಬೇಡಿ. ಅದು ಕೆಟ್ಟಿಲ್ಲ. ಅದರ ಕೆಲಸವೇ ಅಷ್ಟು.

ಇನ್ನೊಂದು ಗೊಂದಲ ಆಕ್ಟಾಪ್ಯಾಡಿನದು. ಗಣೇಶನ ಹಬ್ಬದ ರಸಮಂಜರಿ ವೇದಿಕೆಯಲ್ಲಿ ಕೋಲು ಹಿಡಿದು ಬಾರಿಸುವ ಎಂಟು ಪ್ಯಾಡಿನ ಪೆಟ್ಟಿಗೆ ನೋಡಿರುತ್ತೀರಿ, ಅಲ್ವಾ? ಅದರೊಳಗೆ ಶಬ್ದಗಳು ತುಂಬಿರುತ್ತವೆ. ಸ್ಪೀಕರಿಗೆ ನೇರ ಸಿಕ್ಕಿಸಿ ನುಡಿಸಬಹುದು. ನಾವಿಲ್ಲಿ ಮಾತಾಡುತ್ತಿರುವುದು ಬೆರಳಲ್ಲಿ ತಟ್ಟುವ, ಸಾಮಾನ್ಯವಾಗಿ ಕಂಪ್ಯೂಟರಿಲ್ಲದೆ ಏನೂ ಮಾಡಲಾಗದ ಸಾಧನದ ಬಗ್ಗೆ. ಒಂದು ತಮಾಷೆ ಇದೆ. ರೋಲ್ಯಾಂಡ್ ಕಂಪನಿ 1985ರಲ್ಲಿ ತಂದ ಮೊದಲ ಆಕ್ಟಾಪ್ಯಾಡ್, ಅಂದರೆ ಪ್ಯಾಡ್-8, ಅದರಲ್ಲೂ ಶಬ್ದ ಇರಲಿಲ್ಲ! ಬರೀ ಮಿಡಿ ಅಂಕಿ ಕಳಿಸುತ್ತಿತ್ತು. ಶಬ್ದ ತುಂಬಿದ ಪೆಟ್ಟಿಗೆಗಳು ಆಮೇಲೆ ಬಂದವು.

ಹಂತ 1: ನೀವು ಕೆಲಸ ಮಾಡುವ ರೀತಿ ಯಾವುದು?

ಪ್ರಾಮಾಣಿಕವಾಗಿ ಉತ್ತರ ಕೊಡಿ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಮೊದಲನೆಯದು, ಬೆರಳಲ್ಲಿ ನುಡಿಸುವುದು. ಹಾಡು ಓಡುತ್ತಿರುವಾಗಲೇ ಕೈಯಲ್ಲಿ ತಟ್ಟಿ ಬೀಟ್ ರೆಕಾರ್ಡ್ ಮಾಡುತ್ತೀರಿ. ಇದಕ್ಕೆ ಪ್ಯಾಡ್ ದೊಡ್ಡದಿರಬೇಕು, ಬೆರಳಿನ ಹಗುರ ಭಾರ ಅದಕ್ಕೆ ಚೆನ್ನಾಗಿ ತಿಳಿಯಬೇಕು.

ಎರಡನೆಯದು, ಮನೆ ತುಂಬಿಸುವುದು. ಒಂದು ಆವರ್ತವನ್ನು 16 ಮನೆಗಳಾಗಿ ಮಾಡಿ, ಯಾವ ಮನೆಯಲ್ಲಿ ಕಿಕ್, ಯಾವ ಮನೆಯಲ್ಲಿ ಸ್ನೇರ್ ಅಂತ ಒತ್ತಿ ಗುರುತು ಹಾಕುತ್ತೀರಿ. ಇದಕ್ಕೆ ಸ್ಟೆಪ್ ಸೀಕ್ವೆನ್ಸರ್ ಎನ್ನುತ್ತಾರೆ. ಇಲ್ಲಿ ಬೆರಳಿನ ಚುರುಕು ಬೇಕಿಲ್ಲ. ಸಾಲಾಗಿ ಸಾಕಷ್ಟು ಗುಂಡಿ ಇದ್ದು, ಅವು ಬೆಳಗಿದರೆ ಸಾಕು.

ಮೂರನೆಯದು, ತುಣುಕು ಹಾರಿಸುವುದು. ಮೊದಲೇ ಮಾಡಿಟ್ಟ ಬೀಟ್, ಬೇಸ್, ದನಿಯ ತುಣುಕುಗಳನ್ನು ವೇದಿಕೆಯಲ್ಲೋ ಮನೆಯಲ್ಲೋ ಒಂದೊಂದಾಗಿ ಶುರು ಮಾಡಿ, ನಿಲ್ಲಿಸಿ, ಹಾಡು ಕಟ್ಟುವುದು. ಇದಕ್ಕೆ 64 ಗುಂಡಿಗಳ ಚೌಕ ಹಲಗೆ ಚೆನ್ನ.

ನಾಲ್ಕನೆಯದು, ಕೋಲಿನಲ್ಲಿ ಬಾರಿಸುವುದು. ನೀವು ಈ ಗುಂಪಿನವರಾದರೆ ಈ ಲೇಖನದ ಯಾವ ಸಾಧನವೂ ನಿಮಗಲ್ಲ. ಬೆರಳ ಪ್ಯಾಡಿಗೆ ಕೋಲು ಬಿದ್ದರೆ ಒಳಗಿನ ಸೆನ್ಸರ್ ಹಾಳಾಗಬಹುದು. ಮನೆಯಲ್ಲಿ ಆಗಲೇ ಆಕ್ಟಾಪ್ಯಾಡ್ ಇದ್ದರೆ ಅದರ ಹಿಂಭಾಗ ನೋಡಿ. ಮಿಡಿ ಔಟ್ ಅಥವಾ ಯುಎಸ್‌ಬಿ ತೂತು ಇದ್ದರೆ ಅದೇ ನಿಮ್ಮ ಕಂಟ್ರೋಲರ್. ಹೊಸದು ಕೊಳ್ಳುವುದೇ ಬೇಡ. ಹಳೆಯ ಐದು ಪಿನ್ನಿನ ಮಿಡಿ ಮಾತ್ರ ಇದ್ದರೆ ಯುಎಸ್‌ಬಿಗೆ ಬದಲಿಸುವ ಕೇಬಲ್ ಸಿಗುತ್ತದೆ. ತೀರಾ ಅಗ್ಗದ್ದು ಮಾತ್ರ ತರಬೇಡಿ. ವೇಗವಾಗಿ ಬಾರಿಸಿದಾಗ ಅಂಥ ಕೇಬಲ್‌ಗಳಲ್ಲಿ ಕೆಲವು ಪೆಟ್ಟುಗಳು ದಾರಿಯಲ್ಲೇ ಕಳೆದುಹೋಗುವುದುಂಟು.

ನನ್ನ ಅನುಭವದಲ್ಲಿ ಕೇಳುವವರಲ್ಲಿ ಹೆಚ್ಚಿನವರು ತಾವು ಮೊದಲನೇ ಗುಂಪು ಅಂದುಕೊಂಡಿರುತ್ತಾರೆ. ಆರು ತಿಂಗಳಾದ ಮೇಲೆ ನೋಡಿದರೆ ಎರಡನೆಯದನ್ನೇ ಮಾಡುತ್ತಿರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದಕ್ಕಾಗಿ ದುಬಾರಿ ಪ್ಯಾಡ್ ಬೇಕಿರಲಿಲ್ಲ.

ಹಂತ 2: ಮನೆಯಲ್ಲಿ ಏನೇನಿದೆ ನೋಡಿ

ಒಂದು ಚೀಟಿಯಲ್ಲಿ ಮೂರು ವಿಷಯ ಬರೆದುಕೊಳ್ಳಿ.

ಯಾವ ಸಾಫ್ಟ್‌ವೇರ್? ಏಬಲ್ಟನ್ ಲೈವ್, ಎಫ್‌ಎಲ್ ಸ್ಟುಡಿಯೋ, ರೀಪರ್, ಲಾಜಿಕ್, ಕ್ಯೂಬೇಸ್, ಗ್ಯಾರೇಜ್‌ಬ್ಯಾಂಡ್, ಯಾವುದಾದರೂ ಸರಿ. ಹಾಡು ರೆಕಾರ್ಡ್ ಮಾಡಿ ಜೋಡಿಸುವ ಇಂಥ ಸಾಫ್ಟ್‌ವೇರಿಗೆ ಡಿಎಡಬ್ಲ್ಯೂ ಎನ್ನುತ್ತಾರೆ. ಮಿಡಿ ಕಳಿಸುವ ಯಾವ ಪ್ಯಾಡಾದರೂ ಇವೆಲ್ಲದರಲ್ಲೂ ಕೆಲಸ ಮಾಡುತ್ತದೆ. ಆದರೆ ಕೆಲವು ಪ್ಯಾಡ್‌ಗಳು ಒಂದು ಸಾಫ್ಟ್‌ವೇರಿಗೆಂದೇ ಹುಟ್ಟಿದವು. ಅದರ ಜೊತೆ ಸಿಗುವ ಸುಖ ಬೇರೆಯದರ ಜೊತೆ ಸಿಗುವುದಿಲ್ಲ.

ಯಾವ ಯುಎಸ್‌ಬಿ ತೂತು? ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಟೈಪ್-ಸಿ ಮಾತ್ರ ಇರುತ್ತದೆ. ಎಷ್ಟೋ ಪ್ಯಾಡ್‌ಗಳ ಜೊತೆ ಬರುವುದು ಹಳೆಯ ಅಗಲ ಬಾಯಿಯ ಕೇಬಲ್. ಒಂದು ಅಡಾಪ್ಟರ್ ಬೇಕಾಗಬಹುದು. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಇದು ಕೈಗೆ ಸಿಗುವ ಸಾಮಾನು, ಚಿಂತೆಯಿಲ್ಲ. ಹೆಚ್ಚಿನ ಸಣ್ಣ ಪ್ಯಾಡ್‌ಗಳಿಗೆ ಕರೆಂಟೂ ಅದೇ ಕೇಬಲ್ಲಿನಲ್ಲಿ ಹೋಗುತ್ತದೆ. ಹಾಗಾಗಿ ಮನೆಯಲ್ಲಿ ಕರೆಂಟ್ ಹೋದರೂ ಲ್ಯಾಪ್‌ಟಾಪ್ ಬ್ಯಾಟರಿ ಇರುವವರೆಗೆ ನುಡಿಸಬಹುದು.

ಡ್ರೈವರ್, ಅಂದರೆ ಸಾಧನವನ್ನು ಕಂಪ್ಯೂಟರಿಗೆ ಪರಿಚಯಿಸುವ ಸಾಫ್ಟ್‌ವೇರ್, ಬೇಕೇ? ವಿವರದಲ್ಲಿ "ಕ್ಲಾಸ್ ಕಂಪ್ಲಯಂಟ್" ಅಂತ ಇದ್ದರೆ ಬೇಡ. ಸಿಕ್ಕಿಸಿದ ಕೂಡಲೇ ಕಂಪ್ಯೂಟರ್ ಗುರುತು ಹಿಡಿಯುತ್ತದೆ ಎಂದು ಅರ್ಥ. ಸಾಧ್ಯವಾದರೆ ಇಂಥದ್ದನ್ನೇ ಆರಿಸಿ. ಐದು ವರ್ಷದ ನಂತರ ಕಂಪನಿ ಡ್ರೈವರ್ ಕೊಡುವುದು ನಿಲ್ಲಿಸಿದರೂ ನಿಮ್ಮ ಪ್ಯಾಡ್ ಬದುಕಿರುತ್ತದೆ.

ಹಂತ 3: ಎಷ್ಟು ಪ್ಯಾಡ್, ಯಾವ ಜೋಡಣೆ

ಅಂಗಡಿಯಲ್ಲಿ ಕಾಣುವುದು ಹೆಚ್ಚಾಗಿ ನಾಲ್ಕು ತರ: ಎಂಟು ಪ್ಯಾಡ್, ನಾಲ್ಕು ಸಾಲಿನ ಹದಿನಾರು, ಎರಡು ಸಾಲಿನ ಹದಿನಾರು, ಎಂಟು ಸಾಲಿನ ಅರವತ್ತನಾಲ್ಕು.

ಬೆರಳಲ್ಲಿ ನುಡಿಸುವವರಿಗೆ ನಾಲ್ಕು ಸಾಲಿನ ಹದಿನಾರು. ಇದರಲ್ಲಿ ನನಗೆ ಎರಡನೇ ಮಾತಿಲ್ಲ. 1988ರಲ್ಲಿ ರೋಜರ್ ಲಿನ್ ವಿನ್ಯಾಸ ಮಾಡಿದ ಅಕಾಯ್ ಎಂಪಿಸಿ60 ಯಂತ್ರದಲ್ಲಿ ಇದೇ ನಾಲ್ಕು-ನಾಲ್ಕರ ಚೌಕ ಇತ್ತು. ಹಿಪ್‌ಹಾಪ್ ಬೀಟ್ ಮಾಡುವವರ ಕೈ ಅದಕ್ಕೆ ಒಗ್ಗಿತು. ಅಲ್ಲಿಂದ ಇಲ್ಲಿಯವರೆಗೆ ಪಾಠದ ವಿಡಿಯೋಗಳು, ಸಾಫ್ಟ್‌ವೇರಿನ ಪರದೆಗಳು ಹೆಚ್ಚಾಗಿ ಅದೇ ಚೌಕವನ್ನು ಹಿಡಿದುಕೊಂಡಿವೆ. ಎರಡೂ ಕೈ ಅಕ್ಕಪಕ್ಕ ಆರಾಮವಾಗಿ ಕೂರುತ್ತವೆ. ಎರಡು ಸಾಲಿನ ಉದ್ದ ಜೋಡಣೆ ಮನೆ ತುಂಬಿಸಲು ಒಳ್ಳೆಯದು, ನುಡಿಸಲು ಕೈ ಚಾಚಬೇಕಾಗುತ್ತದೆ.

ಎಂಟು ಪ್ಯಾಡ್ ಸಾಲದೇ? ಕಿಕ್, ಸ್ನೇರ್, ಎರಡು ಹೈಹ್ಯಾಟ್ (ಜೋಡಿ ತಾಳದ ತಟ್ಟೆ, ಮುಚ್ಚಿದ್ದೊಂದು ತೆರೆದದ್ದೊಂದು), ಚಪ್ಪಾಳೆ, ಒಂದು ಕ್ರ್ಯಾಶ್ (ಝಲ್ಲೆನ್ನುವ ದೊಡ್ಡ ತಟ್ಟೆ), ಎರಡು ಟಾಮ್ (ನಡುದನಿಯ ಡ್ರಮ್). ಮುಗಿಯಿತು. ಸಾಕಾಗುತ್ತದೆ. ನಮ್ಮ ವಾದ್ಯಗಳ ಬೋಲು (ಧಾ, ನಾ ಥರದ ಪೆಟ್ಟುಗಳು) ಸೇರಿಸಲು ಹೊರಟಾಗ ಸಾಲುವುದಿಲ್ಲ. ಬ್ಯಾಂಕ್ ಅಂತ ಒಂದು ಗುಂಡಿ ಇರುತ್ತದೆ, ಅದನ್ನೊತ್ತಿದರೆ ಅವೇ ಪ್ಯಾಡ್‌ಗಳು ಬೇರೆ ಶಬ್ದಗಳಿಗೆ ಬದಲಾಗುತ್ತವೆ. ನಿಜ. ಆದರೆ ನುಡಿಸುತ್ತಾ ನುಡಿಸುತ್ತಾ ಬ್ಯಾಂಕ್ ಬದಲಿಸುವುದು ಬಸ್ ಓಡುವಾಗ ಸೀಟು ಬದಲಿಸಿದ ಹಾಗೆ.

ಮನೆ ತುಂಬಿಸುವವರಿಗೆ ಒಂದು ಎಚ್ಚರಿಕೆ. ಹದಿನಾರು ಮನೆ ಆದಿತಾಳಕ್ಕೆ ಸರಿಯಾಗಿ ಹೊಂದುತ್ತದೆ, ಎಂಟು ಅಕ್ಷರಕ್ಕೆ ಎರಡೆರಡು ಮನೆ. ಮಿಶ್ರಛಾಪು ಬೇಕಾದರೆ ಏಳು ಅಕ್ಷರಕ್ಕೆ ಹದಿನಾಲ್ಕು ಮನೆ. ಖಂಡಛಾಪಿಗೆ ಹತ್ತು. ಸೀಕ್ವೆನ್ಸರಿನಲ್ಲಿ ಮನೆಗಳ ಸಂಖ್ಯೆ ಕಡಿಮೆ ಮಾಡಲು ಬರುತ್ತದೆಯೇ ಅಂತ ಕೈಪಿಡಿಯಲ್ಲಿ ಮೊದಲೇ ನೋಡಿ. ಬರದಿದ್ದರೆ ಜೀವನಪೂರ್ತಿ ಆದಿತಾಳದಲ್ಲೇ ಇರುತ್ತೀರಿ.

ಹಂತ 4: ವೆಲಾಸಿಟಿ

ಈ ಹಂತದಲ್ಲಿ ನಿಧಾನಿಸಿ. ದುಡ್ಡು ಕೊಡುವುದು ಇದಕ್ಕೇ.

ಎಷ್ಟು ಜೋರಾಗಿ ತಟ್ಟಿದಿರಿ ಎನ್ನುವ ಅಂಕಿಗೆ ವೆಲಾಸಿಟಿ ಎಂದು ಹೆಸರು. 1 ಅಂದರೆ ತಾಗಿತೋ ಇಲ್ಲವೋ ಅನ್ನುವಷ್ಟು. 127 ಅಂದರೆ ಗುದ್ದು. ಒಳ್ಳೆಯ ಡ್ರಮ್ ಲೈಬ್ರರಿಗಳಲ್ಲಿ ಒಂದೇ ಸ್ನೇರನ್ನು ಮೆಲ್ಲಗೆ, ಮಧ್ಯಮ, ಜೋರು ಅಂತ ಬೇರೆ ಬೇರೆ ರೆಕಾರ್ಡ್ ಮಾಡಿರುತ್ತಾರೆ. ಯಾವುದು ಕೇಳಿಸಬೇಕು ಅಂತ ಹೇಳುವುದು ಈ ಅಂಕಿ. ಪ್ಯಾಡ್ ಎಲ್ಲ ಪೆಟ್ಟಿಗೂ 127 ಅಂತಲೇ ಕಳಿಸಿದರೆ ನಿಮ್ಮ ಬೀಟ್ ಹೊಲಿಗೆ ಮಿಷನ್ ಥರ ಕೇಳುತ್ತದೆ.

ಕೆಲವು ಪ್ಯಾಡ್‌ಗಳಿಗೆ ವೆಲಾಸಿಟಿಯೇ ಇಲ್ಲ! ಉದಾಹರಣೆಗೆ ನೋವೇಶನ್ ಲಾಂಚ್‌ಪ್ಯಾಡ್ ಮಿನಿ ಎಂಕೆ3. ಅದು ತುಣುಕು ಹಾರಿಸಲು ಮಾಡಿದ್ದು, ಅದಕ್ಕೆ ಇದು ಬೇಕಾಗಿಲ್ಲ, ಹಾಗಾಗಿ ಕೊರತೆಯಲ್ಲ. ಅದೇ ಮನೆತನದ ಲಾಂಚ್‌ಪ್ಯಾಡ್ ಎಕ್ಸ್‌ನಲ್ಲಿ ವೆಲಾಸಿಟಿ ಇದೆ. ನೋಡಲು ಎರಡೂ ಅಣ್ಣತಮ್ಮಂದಿರ ಹಾಗಿವೆ. ಫೋಟೋ ನೋಡಿ ಅಗ್ಗದ್ದನ್ನು ಆರ್ಡರ್ ಮಾಡಿ, ಡ್ರಮ್ ನುಡಿಸಲು ಕೂತು ಪೇಚಿಗೆ ಸಿಕ್ಕಿಕೊಂಡವರು ಬೇಕಾದಷ್ಟು ಜನ. ವಿವರದಲ್ಲಿ "ವೆಲಾಸಿಟಿ ಸೆನ್ಸಿಟಿವ್" ಅನ್ನುವ ಮಾತು ಇದೆಯೇ ಅಂತ ಹುಡುಕಿ. ಬೇರೆ ಏನು ಬರೆದಿದ್ದರೂ ಲೆಕ್ಕಕ್ಕಿಲ್ಲ.

ಮಾತು ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ಪ್ಯಾಡಿನ ರಬ್ಬರಿನ ಕೆಳಗೆ ಒತ್ತಡ ಅಳೆಯುವ ತೆಳು ಪದರ ಇರುತ್ತದೆ. ಅಗ್ಗದವುಗಳಲ್ಲಿ ಇದು ಮೆಲ್ಲನೆಯ ಪೆಟ್ಟನ್ನು ಹಿಡಿಯುವುದೇ ಇಲ್ಲ, ಸ್ವಲ್ಪ ಜೋರಾದರೆ ಒಮ್ಮೆಲೇ 90ಕ್ಕೆ ಜಿಗಿಯುತ್ತದೆ. ನಾನು ಮೊದಲು ಕೊಂಡ ಪ್ಯಾಡ್ ಇನ್ನೊಂದು ತರದ್ದು. ನಡುವಿನ ನಾಲ್ಕು ಪ್ಯಾಡ್ ಚೆನ್ನಾಗಿದ್ದವು. ಮೂಲೆಯವು ಗೆಣ್ಣು ನೋಯುವಷ್ಟು ಬಡಿದರೂ 60 ದಾಟುತ್ತಿರಲಿಲ್ಲ. ವಾರ ಪೂರ್ತಿ ನನ್ನ ಬೆರಳೇ ಸರಿಯಿಲ್ಲ ಅಂದುಕೊಂಡಿದ್ದೆ.

ವೆಲಾಸಿಟಿ ಕರ್ವ್ ಎಂಬ ಸೆಟ್ಟಿಂಗ್ ಇದ್ದರೆ ಒಳ್ಳೆಯದು. ಹಗುರ ಕೈಯವರಿಗೆ ಒಂದು ಲೆಕ್ಕ, ಭಾರ ಕೈಯವರಿಗೆ ಒಂದು ಲೆಕ್ಕ ಇಟ್ಟುಕೊಳ್ಳಬಹುದು. ಮೃದಂಗ, ತಬಲ ಕಲಿತವರ ಬೆರಳು ಸಾಮಾನ್ಯವಾಗಿ ಚುರುಕು, ಪೆಟ್ಟು ಹಗುರ. ಅಂಥವರಿಗೆ ಈ ಸೆಟ್ಟಿಂಗ್ ಬೇಕೇ ಬೇಕು.

ಆಫ್ಟರ್‌ಟಚ್ ಅನ್ನುವ ಪದವೂ ಕಾಣುತ್ತದೆ. ತಟ್ಟಿದ ಮೇಲೆ ಬೆರಳು ಎತ್ತದೆ ಒತ್ತಿದರೆ ಆ ಒತ್ತಡವನ್ನೂ ಕಳಿಸುವುದು ಅಂತ ಅರ್ಥ. ಬರೀ ಕಿಕ್, ಸ್ನೇರ್ ನುಡಿಸುವವರಿಗೆ ಇದರ ಉಪಯೋಗ ಕಡಿಮೆ. ತಬಲ ನುಡಿಸುವವರು ಮಾತ್ರ ಕಿವಿ ನಿಮಿರಿಸಿ. ಡಗ್ಗಾ ಮೇಲೆ ಮಣಿಕಟ್ಟು ಒತ್ತಿ ದನಿಯನ್ನು ಜಾರಿಸುತ್ತೀರಲ್ಲ, ಸಾಫ್ಟ್‌ವೇರಿನಲ್ಲಿ ಆ ಒತ್ತಡವನ್ನು ಶ್ರುತಿಗೆ ಕಟ್ಟಿದರೆ ಬೆರಳಲ್ಲೇ ಹೆಚ್ಚುಕಡಿಮೆ ಅದನ್ನು ಮಾಡಬಹುದು.

ಹಂತ 5: ಅಂಗಡಿಯಲ್ಲಿ ಕೆಹರವಾ ನುಡಿಸಿ ನೋಡಿ

ಸಾಧ್ಯವಿದ್ದರೆ ಮುಟ್ಟಿ ನೋಡದೆ ಕೊಳ್ಳಬೇಡಿ. ನಿಮ್ಮದೇ ಲ್ಯಾಪ್‌ಟಾಪ್ ತಗೊಂಡು ಹೋಗಿ. ಮಿಡಿ ಅಂಕಿಗಳನ್ನು ತೋರಿಸುವ ಒಂದು ಉಚಿತ ಸಾಫ್ಟ್‌ವೇರ್ ಮೊದಲೇ ಹಾಕಿಕೊಂಡಿರಿ. ವಿಂಡೋಸ್‌ಗೆ ಮಿಡಿ-ಆಕ್ಸ್, ಮ್ಯಾಕ್‌ಗೆ ಮಿಡಿ ಮಾನಿಟರ್. ಎಚ್ಚರಿಕೆ: ವಿಂಡೋಸ್‌ನಲ್ಲಿ ಹೆಚ್ಚಾಗಿ ಒಂದು ಮಿಡಿ ಸಾಧನವನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಹಿಡಿದುಕೊಳ್ಳುತ್ತದೆ. ಇದನ್ನು ತೆರೆದಿಟ್ಟು ಡಿಎಡಬ್ಲ್ಯೂ ತೆರೆದರೆ ಪ್ಯಾಡ್ ಕಾಣುವುದಿಲ್ಲ. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯಿರಿ.

ಮೊದಲು ಒಂದೇ ಪ್ಯಾಡ್. ಹತ್ತು ಸಲ ಮೆಲ್ಲಗೆ, ಹತ್ತು ಸಲ ಮಧ್ಯಮ, ಹತ್ತು ಸಲ ಜೋರು. ಮೆಲ್ಲನೆಯವು 20 ರಿಂದ 45ರ ಆಸುಪಾಸು, ಮಧ್ಯಮ 60 ರಿಂದ 90, ಜೋರು 110 ದಾಟಿ ಬಂದರೆ ಸಾಕು. ಅಂಕಿ ಅಲ್ಲೇ ಬರಬೇಕು ಅಂತಿಲ್ಲ, ಮೂರು ಗುಂಪು ಬೇರೆ ಬೇರೆಯಾಗಿ ಕಾಣಬೇಕು. ಹತ್ತು ಸಲ ತಟ್ಟಿದ್ದಕ್ಕೆ ಎಂಟೇ ಸಾಲು ಕಂಡರೆ ಆ ಪ್ಯಾಡ್ ಪೆಟ್ಟು ನುಂಗುತ್ತಿದೆ. ಹನ್ನೆರಡು ಕಂಡರೆ ಒಂದು ಪೆಟ್ಟನ್ನು ಎರಡಾಗಿ ಎಣಿಸುತ್ತಿದೆ. ಇದನ್ನೇ ಪ್ಯಾಡಿನ ನಡುವೆ, ಅಂಚಿನಲ್ಲಿ, ನಾಲ್ಕೂ ಮೂಲೆಯ ಪ್ಯಾಡ್‌ಗಳಲ್ಲಿ ಮಾಡಿ.

ಆಮೇಲೆ ಕೆಹರವಾ ತಾಳ. ಭಾವಗೀತೆ, ಭಜನೆ, ಸಿನಿಮಾ ಹಾಡು ಕೇಳಿ ಬೆಳೆದವರಿಗೆ ಈ ಎಂಟು ಮಾತ್ರೆ ಕಿವಿಯಲ್ಲೇ ಇರುತ್ತದೆ: ಧಾ ಗೆ ನಾ ತಿ, ನಾ ಕ ಧಿ ನಾ. ನಾಲ್ಕೇ ಪ್ಯಾಡ್ ಸಾಕು. ಎಡಗೈಗೆ ಗೆ ಮತ್ತು ಕ, ಬಲಗೈಗೆ ನಾ ಮತ್ತು ತಿ. ಧಾ ಎನ್ನುವುದು ಒಂದು ಪೆಟ್ಟಲ್ಲ, ಗೆ ಮತ್ತು ನಾ ಒಟ್ಟಿಗೆ ಬೀಳಬೇಕು. ಧಿ ಅಂದರೆ ಗೆ ಮತ್ತು ತಿ ಒಟ್ಟಿಗೆ. ಹಾಗಾಗಿ ಬೆರಳು ಹೀಗೆ ಬೀಳುತ್ತದೆ: ಎರಡೂ ಕೈ, ಎಡ, ಬಲ, ಬಲ, ಬಲ, ಎಡ, ಎರಡೂ ಕೈ, ಬಲ. ನಿಧಾನ ಶುರು ಮಾಡಿ ವೇಗ ಹೆಚ್ಚಿಸಿ.

ಇಷ್ಟರಲ್ಲೇ ಪ್ಯಾಡಿನ ಜಾತಕ ಹೊರಗೆ ಬರುತ್ತದೆ. ಎರಡು ಕೈ ಒಟ್ಟಿಗೆ ಬಿದ್ದಾಗ ಒಂದೇ ಅಂಕಿ ಬಂತೇ? ಅಥವಾ ನೀವು ಮುಟ್ಟದೇ ಇದ್ದ ಪಕ್ಕದ ಪ್ಯಾಡಿನ ಅಂಕಿಯೂ ಬಂತೇ? ಈ ಎರಡನೆಯದಕ್ಕೆ ಕ್ರಾಸ್‌ಟಾಕ್ ಎನ್ನುತ್ತಾರೆ. ಒಂದು ಪ್ಯಾಡಿನ ಅದುರು ಇನ್ನೊಂದಕ್ಕೆ ತಾಗುವುದು. ನಾ ನಂತರದ ತಿ, ಅದರ ನಂತರದ ನಾ, ಬಲಗೈಯ ಈ ಮೂರು ಸಾಲು ಪೆಟ್ಟುಗಳಲ್ಲಿ ಯಾವುದಾದರೂ ತಪ್ಪಿದರೆ ರಬ್ಬರ್ ತುಂಬಾ ಬಿಗಿ ಅಥವಾ ಸೆನ್ಸರ್ ಮಂದ. ಐದು ನಿಮಿಷ ನುಡಿಸಿ. ಬೆರಳ ತುದಿ ಉರಿಯುತ್ತಿದ್ದರೆ ಆ ಪ್ಯಾಡ್ ನಿಮಗಲ್ಲ, ಎಷ್ಟೇ ಹೆಸರುವಾಸಿಯಾಗಿರಲಿ.

ಊರಲ್ಲಿ ಅಂಗಡಿ ಇಲ್ಲದವರು ಆನ್‌ಲೈನ್ ತರಿಸಿದ ಮೊದಲ ದಿನವೇ ಇದನ್ನು ಮಾಡಿ. ಹಿಂದಿರುಗಿಸುವ ಗಡುವು ಮುಗಿಯುವವರೆಗೆ ಪೆಟ್ಟಿಗೆ, ಥರ್ಮೋಕೋಲ್ ಎಸೆಯಬೇಡಿ.

ಹಂತ 6: ಮಾಡೆಲ್‌ಗಳು

ಬೆಲೆ ಬರೆಯುವುದಿಲ್ಲ. ಆಮದು ಸಾಮಾನು, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಅಗ್ಗದಿಂದ ದುಬಾರಿಯ ಕಡೆಗೆ ಹೆಚ್ಚುಕಡಿಮೆ ಈ ಕ್ರಮದಲ್ಲಿವೆ ಅಂದುಕೊಳ್ಳಿ.

ಅಕಾಯ್ ಎಲ್‌ಪಿಡಿ8: ಎಂಟು ಪ್ಯಾಡ್, ಎಂಟು ನಾಬ್ (ತಿರುಗಿಸುವ ಗುಂಡಿ). ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಹಿಡಿಯುತ್ತದೆ. ನಿಮಗೆ ಇದು ಒಗ್ಗುತ್ತದೋ ಇಲ್ಲವೋ ನೋಡಲು ಸಾಕು.

ಕೋರ್ಗ್ ನ್ಯಾನೋಪ್ಯಾಡ್2: ಎರಡು ಸಾಲಿನಲ್ಲಿ ಹದಿನಾರು, ಪಕ್ಕದಲ್ಲಿ ಬೆರಳು ಜಾರಿಸುವ ಚೌಕ. ಪ್ರಯಾಣಕ್ಕೆ ಸರಿ.

ಅಕಾಯ್ ಎಂಪಿಕೆ ಮಿನಿ: 25 ಕೀಲಿಯ ಪುಟ್ಟ ಕೀಬೋರ್ಡ್ ಜೊತೆ ಎಂಟು ಪ್ಯಾಡ್. ಒಂದೇ ಸಾಧನಕ್ಕೆ ದುಡ್ಡಿದ್ದು, ಬೀಟಿನ ಜೊತೆ ರಾಗವೂ ಬೇಕು ಅನ್ನುವವರಿಗೆ. ಹೊಸಬರಲ್ಲಿ ಅರ್ಧ ಜನಕ್ಕೆ ನಾನು ಇಂಥದ್ದನ್ನೇ ಹೇಳಿ ಕಳಿಸುತ್ತೇನೆ.

ಅಕಾಯ್ ಎಂಪಿಡಿ218: ನಾಲ್ಕು ಸಾಲಿನ ಹದಿನಾರು ದಪ್ಪ ಪ್ಯಾಡ್, ಮೂರು ಬ್ಯಾಂಕ್ ಸೇರಿ 48, ಆರು ನಾಬ್. ಪರದೆ ಇಲ್ಲ, ಬಣ್ಣಬಣ್ಣದ ದೀಪ ಇಲ್ಲ. ಬರೀ ಬೆರಳಲ್ಲಿ ನುಡಿಸುತ್ತೇನೆ ಅನ್ನುವವರಿಗೆ ಕಡಿಮೆ ದುಡ್ಡಿನಲ್ಲಿ ನನ್ನ ಮೊದಲ ಆಯ್ಕೆ. ಪ್ಯಾಡ್ ಸ್ವಲ್ಪ ಬಿಗಿ, ಮೊದಮೊದಲು ಹಗುರ ಕೈಯವರಿಗೆ ಕಿರಿಕಿರಿ ಆಗಬಹುದು.

ಆರ್ಟೂರಿಯಾ ಬೀಟ್‌ಸ್ಟೆಪ್: ಎರಡು ಸಾಲಿನ ಹದಿನಾರು ಪ್ಯಾಡ್, ಹದಿನಾರು ನಾಬ್, ಒಳಗೇ ಸೀಕ್ವೆನ್ಸರ್. ಮನೆ ತುಂಬಿಸುವವರಿಗೆ.

ನೋವೇಶನ್ ಲಾಂಚ್‌ಪ್ಯಾಡ್ ಎಕ್ಸ್: 64 ಪ್ಯಾಡ್, ವೆಲಾಸಿಟಿ ಇದೆ, ಏಬಲ್ಟನ್ ಲೈವ್ ಜೊತೆ ಅಂಟಿದ ಹಾಗೆ ಕೆಲಸ ಮಾಡುತ್ತದೆ. ತುಣುಕು ಹಾರಿಸುವವರಿಗೆ.

ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ಮಶೀನ್ ಮೈಕ್ರೋ: ಹದಿನಾರು ಪ್ಯಾಡ್, ಮುಟ್ಟಿದರೆ ರೇಷ್ಮೆ. ಆದರೆ ಇದರ ಜೀವ ಇರುವುದು ಅದೇ ಹೆಸರಿನ ಸಾಫ್ಟ್‌ವೇರಿನಲ್ಲಿ. ಅದನ್ನು ಕಲಿಯುವ ಮನಸ್ಸಿಲ್ಲದಿದ್ದರೆ ಅರ್ಧ ದುಡ್ಡು ಸುಮ್ನೆ ಹೋದಂತೆ.

ಏಬಲ್ಟನ್ ಪುಶ್: ಲೈವ್ ಬಳಸುವವರ ಕನಸು. 2023ರ ಪುಶ್ 3ರ ಒಂದು ಬಗೆಯಂತೂ ಕಂಪ್ಯೂಟರೇ ಇಲ್ಲದೆ ಓಡುತ್ತದೆ. ಇದನ್ನು ಕೊಳ್ಳುವ ಹಂತದಲ್ಲಿರುವವರು ಈ ಲೇಖನ ಓದುತ್ತಿರುವುದಿಲ್ಲ.

ನಾಬ್, ಫೇಡರ್ (ಜಾರಿಸುವ ಗುಂಡಿ), ಬಣ್ಣದ ದೀಪಗಳ ಲೆಕ್ಕ ನೋಡಿ ಮರುಳಾಗಬೇಡಿ. ನಾಬ್ ನಾಲ್ಕಿದ್ದರೂ ಸಾಕು. ನಾನು ಗಮನ ಕೊಡುವುದು ನೋಟ್ ರಿಪೀಟ್ ಎಂಬ ಒಂದೇ ಗುಂಡಿಗೆ. ಅದನ್ನು ಹಿಡಿದು ಪ್ಯಾಡ್ ಒತ್ತಿಕೊಂಡರೆ ಪೆಟ್ಟು ತಾನಾಗಿ ಲಯದಲ್ಲಿ ಮತ್ತೆ ಮತ್ತೆ ಬೀಳುತ್ತದೆ. ಹೈಹ್ಯಾಟಿಗೆ ಬಹಳ ಸಹಾಯ. ಇದರ ವೇಗ ಆರಿಸುವ 1/8, 1/16ರಂಥ ಅಂಕಿಯ ಪಕ್ಕ ಟಿ ಗುರುತು ಇರುವುದು ತಿಸ್ರ ನಡೆಯದ್ದು, ಅಂದರೆ ಮೂರರ ಲಯದ್ದು. ಇದರ ವೇಗ ಹಾಡಿನ ವೇಗದ ಜೊತೆ ಹೋಗದೆ ತನ್ನ ಪಾಡಿಗೆ ಓಡುತ್ತಿದ್ದರೆ ಪ್ಯಾಡಿನ ಕ್ಲಾಕ್ ಸೆಟ್ಟಿಂಗನ್ನು ಹೊರಗಿನದು, ಅಂದರೆ ಎಕ್ಸ್‌ಟರ್ನಲ್, ಮಾಡಿ. ಡಿಎಡಬ್ಲ್ಯೂನಲ್ಲೂ ಆ ಸಾಧನಕ್ಕೆ ಸಿಂಕ್ ಕಳಿಸುವುದನ್ನು ಆನ್ ಮಾಡಿ.

ಹಂತ 7: ಹಳೆಯದು ಕೊಳ್ಳುವುದಾದರೆ

ಪ್ಯಾಡ್‌ಗಳು ಸೆಕೆಂಡ್ ಹ್ಯಾಂಡಿನಲ್ಲಿ ಬೇಕಾದಷ್ಟು ಸಿಗುತ್ತವೆ, ಉತ್ಸಾಹ ಇಳಿದವರು ಮಾರುತ್ತಿರುತ್ತಾರೆ. ಕೆಹರವಾ ಪರೀಕ್ಷೆ ಇಲ್ಲಿ ಕಡ್ಡಾಯ. ಹದಿನಾರನ್ನೂ ಮುಟ್ಟಿ ನೋಡಿ. ಹೆಚ್ಚು ಸವೆದಿರುವುದು ಕಿಕ್, ಸ್ನೇರ್ ಇಟ್ಟುಕೊಳ್ಳುವ ಕೆಳಗಿನ ಎಡಬದಿಯ ಪ್ಯಾಡ್‌ಗಳು. ಮೈಗೆ ರಬ್ಬರಿನಂಥ ನುಣುಪು ಲೇಪ ಇರುವವು ಕರಾವಳಿಯ ಸೆಕೆಯಲ್ಲಿ ಕೆಲವು ವರ್ಷಕ್ಕೆ ಅಂಟಂಟಾಗುತ್ತವೆ. ಪೆಟ್ಟಿಗೆಯ ಜೊತೆ ಬರುವ ಸಾಫ್ಟ್‌ವೇರಿನ ಕೋಡನ್ನು ಮೊದಲಿನವರು ಬಳಸಿಬಿಟ್ಟಿರುತ್ತಾರೆ. ಮಶೀನ್ ತರದ, ಸಾಫ್ಟ್‌ವೇರೇ ಮುಖ್ಯವಾದ ಸಾಧನಗಳಲ್ಲಿ ಲೈಸೆನ್ಸ್ ನಿಮ್ಮ ಹೆಸರಿಗೆ ವರ್ಗ ಆಗುತ್ತದೆಯೇ ಅಂತ ದುಡ್ಡು ಕೊಡುವ ಮೊದಲು ಬರವಣಿಗೆಯಲ್ಲಿ ಕೇಳಿ.

ಹಂತ 8: ತಂದಾಯಿತು, ಈಗ ಸದ್ದು ಬರಿಸಿ

ಪ್ಯಾಡ್ ಸಿಕ್ಕಿಸಿ, ಆಮೇಲೆ ಡಿಎಡಬ್ಲ್ಯೂ ತೆರೆಯಿರಿ. ಈ ಕ್ರಮ ಮುಖ್ಯ, ಮೊದಲೇ ತೆರೆದಿದ್ದರೆ ಕೆಲವು ಸಾಫ್ಟ್‌ವೇರುಗಳಿಗೆ ಹೊಸ ಸಾಧನ ಕಾಣುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಮಿಡಿ ಇನ್‌ಪುಟ್ ಪಟ್ಟಿಗೆ ಹೋಗಿ ನಿಮ್ಮ ಪ್ಯಾಡನ್ನು ಆನ್ ಮಾಡಿ. ಒಂದು ಟ್ರ್ಯಾಕಿಗೆ ಡ್ರಮ್ ಸಾಫ್ಟ್‌ವೇರ್ ಹಾಕಿ. ಲೈವ್‌ನಲ್ಲಿ ಡ್ರಮ್ ರ‍್ಯಾಕ್, ಎಫ್‌ಎಲ್ ಸ್ಟುಡಿಯೋದಲ್ಲಿ ಎಫ್‌ಪಿಸಿ. ಟ್ರ್ಯಾಕಿನ ರೆಕಾರ್ಡ್ ಗುಂಡಿ ಒತ್ತಿ. ಕೆಳಗಿನ ಸಾಲಿನ ಎಡತುದಿಯ ಪ್ಯಾಡ್ ತಟ್ಟಿ. ಅದೇ ಒಂದನೇ ಪ್ಯಾಡ್, ಎಣಿಕೆ ಕೆಳಗಿನಿಂದ ಮೇಲಕ್ಕೆ. ಸಾಮಾನ್ಯವಾಗಿ ಅಲ್ಲಿ ಕಿಕ್ ಕೇಳಬೇಕು.

ಕೇಳಿಸದಿದ್ದರೆ ಗಾಬರಿ ಬೇಡ. ನಾನು ನೋಡಿದ ಕಾರಣಗಳು ಇಷ್ಟೇ.

ಬೇರೆ ಬ್ಯಾಂಕಿನಲ್ಲಿದ್ದೀರಿ. ಗೊತ್ತಿಲ್ಲದೆ ಬಿ ಬ್ಯಾಂಕ್ ಒತ್ತಿರುತ್ತೀರಿ, ಅಲ್ಲಿನ ಅಂಕಿಗಳಿಗೆ ಶಬ್ದವೇ ಇಟ್ಟಿರುವುದಿಲ್ಲ.

ಚಾನೆಲ್ ಬೇರೆಯಾಗಿದೆ. ಮಿಡಿಯಲ್ಲಿ 16 ಚಾನೆಲ್. ಡ್ರಮ್‌ಗೆ ಹತ್ತನೆಯದು ಅನ್ನುವುದು ಹಳೆಯ ರೂಢಿ. ಪ್ಯಾಡ್ ಹತ್ತರಲ್ಲಿ ಕಳಿಸುತ್ತಿದ್ದು ಸಾಫ್ಟ್‌ವೇರ್ ಒಂದರಲ್ಲಿ ಕಿವಿಯಿಟ್ಟಿದ್ದರೆ ಮೌನ. ಸಾಫ್ಟ್‌ವೇರಿನಲ್ಲಿ ಎಲ್ಲ ಚಾನೆಲ್ ಅಂತ ಆರಿಸಿ.

ಸ್ವರದ ಹೆಸರು ಹೊಂದುತ್ತಿಲ್ಲ. ಇದು ಜಾಸ್ತಿ ತಲೆ ತಿನ್ನುತ್ತದೆ. ರೂಢಿಯಂತೆ ಕಿಕ್‌ನ ಮಿಡಿ ಅಂಕಿ 36, ಸ್ನೇರ್ 38, ಮುಚ್ಚಿದ ಹೈಹ್ಯಾಟ್ 42, ತೆರೆದದ್ದು 46. ಆದರೆ ಇದೇ 36ನ್ನು ಲೈವ್‌ನಲ್ಲಿ ಸಿ1 ಎನ್ನುತ್ತಾರೆ, ಕೆಲವು ಕಡೆ ಸಿ2, ಎಫ್‌ಎಲ್ ಸ್ಟುಡಿಯೋದಲ್ಲಿ ಸಿ3. ಹೆಸರು ಬಿಡಿ, ಅಂಕಿ ನೋಡಿ.

ಸದ್ದು ಬಂತು, ಆದರೆ ಎಲ್ಲ ಪೆಟ್ಟೂ ಒಂದೇ ಜೋರು. ಫುಲ್ ಲೆವೆಲ್ ಗುಂಡಿ ಆನ್ ಆಗಿದೆ, ಆಫ್ ಮಾಡಿ.

ಇನ್ನು ತಟ್ಟಿದ ಮೇಲೆ ಸದ್ದು ತಡವಾಗಿ ಬರುವುದು. ಇದಕ್ಕೆ ಲೇಟೆನ್ಸಿ ಎನ್ನುತ್ತಾರೆ. ಹೆಚ್ಚಿನ ಸಲ ಪ್ಯಾಡಿನ ತಪ್ಪಲ್ಲ, ಕಂಪ್ಯೂಟರಿನ ಆಡಿಯೋ ಸೆಟ್ಟಿಂಗಿನದು. ಕಂಪ್ಯೂಟರ್ ಸದ್ದನ್ನು ಹನಿಹನಿಯಾಗಿ ಬಿಡುವುದಿಲ್ಲ, ಬಿಂದಿಗೆ ತುಂಬಿಸಿ ಸುರಿಯುತ್ತದೆ. ಆ ಬಿಂದಿಗೆಯೇ ಬಫರ್. ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ) ಲೆಕ್ಕದಲ್ಲಿ 1024ರ ಬಫರ್ ಇದ್ದರೆ ಸುಮಾರು 23 ಮಿಲಿಸೆಕೆಂಡ್ ತಡ. ಬೆರಳಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. 512ಕ್ಕೆ ಸುಮಾರು 12. 128ಕ್ಕೆ ಸುಮಾರು 3. ಇದರ ಮೇಲೆ ಇನ್ನಷ್ಟು ಸಣ್ಣಪುಟ್ಟ ತಡ ಸೇರುತ್ತದೆ. ನುಡಿಸುವಾಗ 128 ಇಡಿ, ಚಟಚಟ ಸದ್ದು ಬಂದರೆ 256ಕ್ಕೆ ಏರಿಸಿ. ಮಿಕ್ಸಿಂಗ್ ಮಾಡುವಾಗ ದೊಡ್ಡದು ಮಾಡಿಕೊಳ್ಳಿ. ವಿಂಡೋಸ್‌ನಲ್ಲಿ ಆಸಿಯೋ ಬಗೆಯ, ಅಂದರೆ ತಡ ಕಡಿಮೆ ಇರುವ ಆಡಿಯೋ ಡ್ರೈವರ್ ಆರಿಸದೆ ಹೆಚ್ಚಾಗಿ ಇದು ಸರಿಹೋಗುವುದಿಲ್ಲ. ಆಡಿಯೋ ಇಂಟರ್‌ಫೇಸ್ (ಮೈಕ್, ಹೆಡ್‌ಫೋನ್ ಸಿಕ್ಕಿಸುವ ಹೊರಗಿನ ಪೆಟ್ಟಿಗೆ) ಇದ್ದರೆ ಅದರದ್ದೇ ಡ್ರೈವರ್ ಹಾಕಿ, ಇಲ್ಲದಿದ್ದರೆ ಉಚಿತವಾಗಿ ಸಿಗುವ ಆಸಿಯೋ4ಆಲ್ ನೋಡಿ. ಮ್ಯಾಕ್‌ನಲ್ಲಿ ಈ ತಲೆನೋವು ಕಡಿಮೆ.

ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡು ಮಾತ್ರ ನುಡಿಸಬೇಡಿ. ಎಷ್ಟೋ ಬ್ಲೂಟೂತ್ ಹೆಡ್‌ಫೋನ್‌ಗಳಲ್ಲಿ ತಡ 100 ಮಿಲಿಸೆಕೆಂಡ್ ದಾಟುತ್ತದೆ, ಬಫರ್ ಎಷ್ಟು ಇಳಿಸಿದರೂ ಇದು ಹೋಗುವುದಿಲ್ಲ. "ಪ್ಯಾಡ್ ಸ್ಲೋ ಇದೆ" ಅಂತ ದೂರು ಹೇಳಿದವರಿಗೆ ನಾನು ಮೊದಲು ಕೇಳುವುದೇ, ಕಿವಿಯಲ್ಲಿ ಏನಿದೆ ಅಂತ. ತಂತಿಯ ಹೆಡ್‌ಫೋನ್, ಇನ್ನೂರು ರೂಪಾಯಿಯದಾದರೂ ಸರಿ.

ಕೊನೆಗೊಂದು ಸೆಟ್ಟಿಂಗ್. ಸಾಫ್ಟ್‌ವೇರಿನಲ್ಲಿ ಚೋಕ್ ಗ್ರೂಪ್ ಅಂತ ಇರುತ್ತದೆ. ಒಂದೇ ಗುಂಪಿಗೆ ಹಾಕಿದ ಶಬ್ದಗಳಲ್ಲಿ ಹೊಸದು ಬಂದರೆ ಹಳೆಯದು ಅಲ್ಲೇ ಕತ್ತರಿಸಿಹೋಗುತ್ತದೆ. ತೆರೆದ ಮತ್ತು ಮುಚ್ಚಿದ ಹೈಹ್ಯಾಟನ್ನು ಒಂದೇ ಗುಂಪಿಗೆ ಹಾಕಿ. ತಬಲದಲ್ಲಿ ಗೆ ಮತ್ತು ಕ ಒಂದು ಗುಂಪು. ನಿಜವಾದ ಡಗ್ಗಾದಲ್ಲಿ ಕ ಬಿದ್ದಾಗ ಗೆಯ ಗುಂಯ್ ನಿಂತುಹೋಗುತ್ತದಲ್ಲ, ಹಾಗೆ. ನಾ ಮತ್ತು ತಿಯನ್ನು ಆ ಗುಂಪಿಗೆ ಹಾಕಬೇಡಿ, ಹಾಕಿದರೆ ಧಾ ಹೊಡೆದಾಗ ಎರಡರಲ್ಲಿ ಒಂದೇ ಕೇಳುತ್ತದೆ.